ಒಬ್ಬಟ್ಟಿನ ಸಾರಿದ್ದ ಪೆಟ್ಟಿಗೆ

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಚಿಕ್ಕಬಳ್ಳಾಪುರದಲ್ಲಿ ಆಟೋ ಎಲೆಕ್ಟ್ರಿಷಿಯನ್. ಕಾರು, ಟೆಂಪೋಗಳ ವೈರಿಂಗ್ ಮತ್ತು ಬ್ಯಾಟರಿ ನನ್ನ ಪಾಲು. ಅದೇ ಶೆಡ್ಡಿನ ಇನ್ನರ್ಧದಲ್ಲಿ ಮೆಕ್ಯಾನಿಕ್ ರಾಮಾಂಜಿ ಎಂಜಿನ್ ಕೆಲಸ ಮಾಡುತ್ತಿದ್ದ. ಅವನ ಕೈ ಚುರುಕು, ದೈವಭಕ್ತಿ ಅದಕ್ಕಿಂತ ಚುರುಕು.

ಆಯುಧಪೂಜೆಯ ಹಿಂದಿನ ದಿನ ನಾರಾಯಣಸ್ವಾಮಿ ಎಂಬುವವರು ಕಾರು ತಂದರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದವರು, ಆ ಘಟಕ ಮುಚ್ಚಿ ಒಬ್ಬರೇ ಊರೂರು ಸುತ್ತುತ್ತಿದ್ದರು. ಹಿಂದಿನ ಸೀಟು ಕಿತ್ತು ಹಾಸಿಗೆ, ಗ್ಯಾಸ್ ಒಲೆ ಇಟ್ಟುಕೊಂಡಿದ್ದರು. ಪಕ್ಕದ ಸೀಟಿನಲ್ಲಿ ಬೆಲ್ಟ್ ಬಿಗಿದ ಒಂದು ಕಾರ್ ಫ್ರಿಜ್ ಇತ್ತು. ಕಾರಿನ ಬ್ಯಾಟರಿಯಿಂದಲೇ ಓಡುವ ಪೆಟ್ಟಿಗೆ ಅದು. ಸಣ್ಣ ಕಂಪ್ರೆಸರ್ ಇರುವುದರಿಂದ ಒಳಗಿದ್ದದ್ದು ಕಲ್ಲಿನಂತೆ ಗಟ್ಟಿಯಾಗುತ್ತದೆ.

ಅವರು ಹಿಂದಿನ ರಾತ್ರಿ ಮಂಚೇನಹಳ್ಳಿ ಹತ್ತಿರ ಕೆರೆ ಪಕ್ಕ ಕಾರಿನಲ್ಲೇ ಮಲಗಿ ಬೆಳಿಗ್ಗೆ ಎದ್ದರೆ ಗಾಡಿ ಸ್ಟಾರ್ಟ್ ಆಗಿರಲಿಲ್ಲ. ಯಾರಿಂದಲೋ ತಳ್ಳಿಸಿ ಸ್ಟಾರ್ಟ್ ಮಾಡಿಕೊಂಡು ಬಂದಿದ್ದರು. ಬ್ಯಾಟರಿಯನ್ನೆಲ್ಲ ಫ್ರಿಜ್ ಕುಡಿದಿತ್ತು. "ರಾತ್ರಿ ಅದನ್ನ ಆರಿಸಿ ಮಲಗಿ, ಖರ್ಚೇ ಇಲ್ಲ" ಎಂದೆ.

"ಗಾಡಿ ನಿಂತ್ರೂ ಪರವಾಗಿಲ್ಲಪ್ಪ, ಪೆಟ್ಟಿಗೆ ನಿಲ್ಲಬಾರ್ದು. ನಮ್ಮನೆಯವ್ಳು ಯುಗಾದಿಗೆ ಮಾಡಿದ ಒಬ್ಬಟ್ಟಿನ ಸಾರು ಐತೆ ಅದ್ರಲ್ಲಿ. ಹಬ್ಬ ಆಗಿ ವಾರಕ್ಕೇ ಹೋಗ್ಬಿಟ್ಳು. ಇಬ್ರೂ ಸುತ್ತೋಣ ಅಂತ ತಗೊಂಡಿದ್ದು ಈ ಪೆಟ್ಟಿಗೆ."

ಕೆಲಸ ಹಿಡಿದೆ. ಫ್ರಿಜ್ಜಿಗೆಂದೇ ಎರಡನೇ ಬ್ಯಾಟರಿ ಕೂರಿಸಿ, ನಡುವೆ ಐಸೊಲೇಟರ್ ಹಾಕಿದೆ. ಎಂಜಿನ್ ಓಡುವಾಗ ಎರಡೂ ಬ್ಯಾಟರಿ ಚಾರ್ಜ್ ಆಗುತ್ತವೆ, ನಿಂತಾಗ ಫ್ರಿಜ್ ಎರಡನೆಯದನ್ನು ಮಾತ್ರ ಬಳಸುತ್ತದೆ. ಹೊಸ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆಂದು ನೋಡಬೇಕಿತ್ತು. ವಿಜಯದಶಮಿಗೆ ಬನ್ನಿ ಎಂದು ಹೇಳಿ ಕಾರು ಇಟ್ಟುಕೊಂಡೆ. ಅವರು ತಿರುತಿರುಗಿ ನೋಡುತ್ತಾ ಬಸ್ಸಿಗೆ ಹೋದರು.

ನಾನು ಹಬ್ಬಕ್ಕೆ ಚಿಂತಾಮಣಿಯ ಅಕ್ಕನ ಮನೆಗೆ ಹೋದೆ. ಆ ಕಾರು ಮುಟ್ಟಬೇಡವೆಂದು ರಾಮಾಂಜಿಗೆ ಹೇಳಿಯೇ ಹೋಗಿದ್ದೆ. ಆದರೆ ಶೆಡ್ಡಿನಲ್ಲಿ ನಿಂತ ಒಂದು ಗಾಡಿಗೆ ಮಾತ್ರ ಪೂಜೆ ತಪ್ಪಿಸಲು ಅವನಿಗೆ ಮನಸ್ಸು ಬರುವುದುಂಟೇ? ಆಯುಧಪೂಜೆಯ ದಿನ ನಮ್ಮಲ್ಲಿ ದುಡಿಯುವ ಯಾವುದನ್ನೂ ದುಡಿಸುವುದಿಲ್ಲ. ಸ್ಪ್ಯಾನರ್ ಕೂಡ ದೇವರ ಮುಂದೆ ಕುಂಕುಮ ಹಚ್ಚಿಕೊಂಡು ಕೂರುತ್ತದೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಫ್ರಿಜ್ಜಿನ ಮೇಲೆ ವಿಭೂತಿ, ಕುಂಕುಮ, ಒಂದು ಮೊಳ ಸೇವಂತಿಗೆ. ಸದ್ದಿಲ್ಲ.

"ಪಾಪ, ಅದೂ ಹಗಲೂ ರಾತ್ರಿ ದುಡೀತದಲ್ಲಣ್ಣ. ಒಂದಿನ ರೆಸ್ಟ್ ಕೊಟ್ಟೆ" ಎಂದ ರಾಮಾಂಜಿ.

ಮುಚ್ಚಳ ತೆಗೆದೆ. ಸ್ಟೀಲ್ ಡಬ್ಬಿ ಇನ್ನೂ ತಣ್ಣಗಿತ್ತು, ಆದರೆ ಒಳಗೆ ಸಾರು ಅಲುಗಾಡಿತು. ಅದರಲ್ಲಿ ಏನಿದೆಯೆಂದು ರಾಮಾಂಜಿಗೆ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು.

ನಾರಾಯಣಸ್ವಾಮಿ ಬಂದಾಗ ನಾನೇ ಹೇಳಿದೆ. ಡಬ್ಬಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ತಿರ್ಗಾ ಗಟ್ಟಿ ಮಾಡಕ್ಕಾಗಲ್ವಾ?"

"ಒಂದ್ಸಲ ಕರಗಿದ ಅಡುಗೆನ ಮತ್ತೆ ಇಡಬಾರ್ದು ಸ್ವಾಮಿ. ಕೆಟ್ಟೋಗ್ತದೆ."

ಮುಚ್ಚಳ ತೆಗೆದು ವಾಸನೆ ನೋಡಿದರು. ಆಮೇಲೆ ಕಾರಿನಿಂದ ತಮ್ಮ ಒಲೆ ಇಳಿಸಿ, ಸಾರನ್ನು ಚೆನ್ನಾಗಿ ಕುದಿಸಿದರು. ಶೆಡ್ಡೆಲ್ಲ ಬೆಲ್ಲ, ಹುಣಸೆ, ಇಂಗಿನ ಘಮ. ರಾಮಾಂಜಿ ಮನೆಗೆ ಓಡಿ ಅನ್ನ ತಂದ. ಮೂವರೂ ನೆಲದ ಮೇಲೆ ಕೂತೆವು. ಒಬ್ಬಟ್ಟಿನ ಸಾರು ಮಾರನೇ ದಿನಕ್ಕೇ ರುಚಿ ಎನ್ನುತ್ತಾರೆ. ಯುಗಾದಿಯ ಸಾರನ್ನು ದಸರೆಗೆ ಉಂಡವರು ನಾವೇ ಇರಬೇಕು.

"ಉಪ್ಪು ಕಮ್ಮಿ" ಎಂದರು ನಾರಾಯಣಸ್ವಾಮಿ. "ಯಾವಾಗ್ಲೂ ಹಿಂಗೇ ಅವ್ಳು. ನನ್ನ ಬಿಪಿಗೆ ಹೆದರ್ಕೊಂಡು." ಅಷ್ಟು ಹೇಳಿ, ತುತ್ತು ಕೈಯಲ್ಲಿರುವಾಗಲೇ ಅತ್ತುಬಿಟ್ಟರು.

ಹೊರಡುವಾಗ ಡಬ್ಬಿ ತೊಳೆದು ಫ್ರಿಜ್ಜಿನೊಳಗೇ ಇಟ್ಟರು. ಬೆಲ್ಟ್ ಬಿಗಿದು ಸ್ವಿಚ್ ಹಾಕಿದರು. ಗುಂಯ್ ಎಂದು ಕಂಪ್ರೆಸರ್ ಶುರುವಾಯಿತು.

"ಖಾಲಿ ಪೆಟ್ಟಿಗೆ ಯಾಕೆ ಓಡಿಸ್ತೀರಿ ಸ್ವಾಮಿ?" ಎಂದೆ.

"ಓಡ್ಲಿ ಬಿಡಪ್ಪ. ರಾತ್ರಿ ಗಾಡಿಯಲ್ಲಿ ಇದೊಂದೇ ಸದ್ದು ನಂಗೆ."

ವೈರಿಂಗ್ ವಿದ್ಯೆಯನ್ನು ಗುರುಗಳಿಂದ ಕಲಿತೆ, ಇದನ್ನು ನಾರಾಯಣಸ್ವಾಮಿಯವರಿಂದ ಕಲಿತೆ. ಗಿರಾಕಿಯನ್ನು ಕೇಳದೆ ಅವರ ಗಾಡಿಯಲ್ಲಿ ಓಡುತ್ತಿರುವ ಯಾವುದನ್ನೂ ನಾನು ಆರಿಸುವುದಿಲ್ಲ, ಒಳಗೆ ಏನೂ ಇಲ್ಲವೆಂದು ಕಣ್ಣಾರೆ ಕಂಡಿದ್ದರೂ.