ಇಂಜಿನ್ನಿಗೆ ಉಡಿಸಿದ ಸೀರೆ

ಚಹಾದ ಅಂಗಡಿಯವನು ಟೋಸ್ಟಿನ ಡಬ್ಬಿಯ ಮುಚ್ಚಳ ತೆಗೆದ, ಅಷ್ಟೇ. ಸೋಂಪಿನ ಆ ಒಣ ಘಮ ಮೂಗಿಗೆ ಬಂದದ್ದೇ ತಡ, ಕಲಬುರಗಿಯ ಬಸ್ ನಿಲ್ದಾಣದ ಎದುರು ನಿಂತಿದ್ದ ನಾನು ಆಳಂದದಲ್ಲಿರುವ ನಮ್ಮ ಶರಣಪ್ಪ ಕಾಕಾನ ಅಂಗಳಕ್ಕೆ ಹೋಗಿಬಿಟ್ಟೆ. ಟೋಸ್ಟು ಅಂದರೆ ನಿಮಗೆ ಚಹಾ ನೆನಪಾಗುತ್ತದೆ. ನನಗೆ ಡೀಸೆಲ್ ನೆನಪಾಗುತ್ತದೆ.

ಕಾರಣ ಹೇಳುತ್ತೇನೆ. ಕಾಕಾ ನನ್ನ ತಂದೆಯ ತಮ್ಮ, ಆಳಂದದ ಪೇಟೆಯಲ್ಲಿ ದರ್ಜಿ. ಜನ್ಮವಿಡೀ ಹೊಲಿಗೆ ಯಂತ್ರದ ಪೆಡಲ್ ಬಿಟ್ಟರೆ ಬೇರೆ ಯಾವ ಪೆಡಲ್ ಮೇಲೂ ಕಾಲಿಟ್ಟವರಲ್ಲ. ಅಂಥವರು ಒಂದು ದಿನ ಬೇಕರಿಯೊಂದರ ಮೂಲೆಗೆ ಬಿದ್ದಿದ್ದ ಹಳೆಯ ವ್ಯಾನನ್ನು ಮನೆಗೆ ಎಳೆಸಿಕೊಂಡು ಬಂದರು. ಬ್ರೆಡ್ಡು, ಟೋಸ್ಟು ತುಂಬಿಕೊಂಡು ಹಳ್ಳಿಹಳ್ಳಿ ತಿರುಗಿದ ವ್ಯಾನು ಅದು. ಇಂಜಿನ್ ಬಿಸಿಯಾದರೆ ಸಾಕು, ತಗಡಿನ ಸಂದಿಗಳಿಂದ ಟೋಸ್ಟಿನ ವಾಸನೆ ಏಳುತ್ತಿತ್ತು. ಅದನ್ನು ಓಡಿಸುತ್ತಿದ್ದ ಮಹಬೂಬ್ ಚಾಚಾ ಕಾಕಾನ ಹಳೆಯ ಗೆಳೆಯ. ಬೇಕರಿಯವರು ಹೊಸ ಗಾಡಿ ತಂದಾಗ ಕೆಲಸ ಹೋಗಿ ಮನೆಯಲ್ಲಿ ಕೂತ ಚಾಚಾ, ವ್ಯಾನಿನ ಹಿಂದೆಯೇ ಕಾಕಾನ ಅಂಗಳಕ್ಕೆ ಬಂದರು.

ಇಷ್ಟೆಲ್ಲ ಯಾಕೆಂದರೆ, ಕಾಕುವಿಗಾಗಿ. ಕಾಕು ಎಂದರೆ ಕಾಕಾನ ಹೆಂಡತಿ, ನೀಲವ್ವ. ಲಕ್ವಾ ಹೊಡೆದು ಅವರ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಮಾತ್ರ ಎಳ್ಳಷ್ಟೂ ಬಿದ್ದಿರಲಿಲ್ಲ. ಅವರಿಗೆ ಒಬ್ಬಳೇ ಅಕ್ಕ, ಜೇವರ್ಗಿಯ ಆಚೆ ಇಜೇರಿಯಲ್ಲಿ. ಗಂಗವ್ವ ಎಂದು ಹೆಸರು. ಆಕೆಯೂ ಹಾಸಿಗೆ ಹಿಡಿದಿದ್ದರು. ಇವರು ಅಲ್ಲಿಗೆ ಹೋಗುವಂತಿಲ್ಲ, ಅವರು ಇಲ್ಲಿಗೆ ಬರುವಂತಿಲ್ಲ. ಬಸ್ಸು ಹತ್ತಲಾಗದು, ಕಾರಿನಲ್ಲಿ ಅಷ್ಟು ದೂರ ಕೂರಲಾಗದು. ಬುದ್ಧಿವಂತನಾದ ನಾನು ಆಂಬುಲೆನ್ಸ್ ಮಾಡಿಸೋಣ ಎಂದೆ.

“ಆಂಬುಲೆನ್ಸ್‌ನ್ಯಾಗ ಹ್ವಾದ್ರ ಊರ ಮಂದಿ ಹೆಣ ಬಂತಂತಾರ. ನಮ್ಮಕ್ಕ ನನ್ನ ಮಾರಿ ನೋಡೂಕಿಂತ ಮೊದಲs ಅಳಾಕ ಶುರು ಮಾಡ್ತಾಳ. ಹೋದ್ರ ನಾ ನನ್ನ ಮನ್ಯಾಗ ಮಲಕೊಂಡು ಹೋಗ್ತೇನಿ” ಎಂದರು ಕಾಕು.

ಕಾಕಾ ಈ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಹೆಂಡತಿ ಮನೆಯಲ್ಲಿ ಮಲಗಿಯೇ ಹೋಗಬೇಕಾದರೆ ಮನೆಗೇ ಗಾಲಿ ಹಚ್ಚಬೇಕು.

ಮೊದಲು ಟೇಪು ಹಿಡಿದು ವ್ಯಾನಿನ ಅಳತೆ ತೆಗೆದರು, ಸೊಂಟ, ಎದೆ, ತೋಳು ಎಲ್ಲ. ಬ್ರೆಡ್ಡಿನ ತಟ್ಟೆ ಇಡುತ್ತಿದ್ದ ಕಬ್ಬಿಣದ ಪಟ್ಟಿಗಳನ್ನು ಕಿತ್ತು, ಬೆಸುಗೆ ಹಾಕಿಸಿ, ಕಾಕುವಿಗೆ ಮಂಚ ಮಾಡಿಸಿದರು. ಕಿಟಕಿ ಇರಲಿಲ್ಲ. ಕಾಕಾ, ಚಾಚಾ ಇಬ್ಬರೂ ಅಫಜಲಪುರಕ್ಕೆ ಹೋಗಿ, ಗುಜರಿಯಲ್ಲಿ ಕೊಳೆಯುತ್ತಿದ್ದ ಒಂದು ಬಸ್ಸಿನ ಕಿಟಕಿಯನ್ನು ಚೌಕಟ್ಟು ಸಮೇತ ಮಡಿಲಲ್ಲಿಟ್ಟುಕೊಂಡು ಬಂದರು. “ಟಿಕೆಟ್ ತಗೊಳ್ರಿ, ಎರಡೂವರಿ ಸೀಟು” ಎಂದನಂತೆ ಕಂಡಕ್ಟರ್. ಕಬ್ಬು ಸಾಗಿಸುವ ಟ್ರಾಕ್ಟರ್ ಒಂದರ ರಬ್ಬರ್ ಕೊಳವೆ ಇದಕ್ಕೆ ಡೀಸೆಲ್ ಕೊಳವೆಯಾಯಿತು. ಬಾಗಿಲಿನ ಸಂದಿಗೆ ಹಳೆಯ ಟ್ಯೂಬಿನ ಪಟ್ಟಿ ಬಂತು. ಟ್ಯಾಂಕು ಸೋರಿತು, ಚಾಚಾ ಬಟ್ಟೆ ಸೋಪನ್ನು ನಾದಿ ಮೆತ್ತಿದರು. ನೀರಿನ ರೇಡಿಯೇಟರ್ ಸೋರಿತು. ಅದರೊಳಗೆ ಅರಿಷಿಣದ ಪುಡಿ ಸುರುವಿದರು. ಅಡಿಗೆಮನೆಯ ಡಬ್ಬಿ ಬರಿದಾದದ್ದು ಕಾಕುವಿಗೆ ಗೊತ್ತಾಯಿತು.

“ಗಾಡಿಗಿ ಅರಿಷಿಣ ಹಚ್ಚೀರಿ. ಇನ್ನ ಅಕ್ಕಿಕಾಳು ಒಗದು ಯಾರಿಗಿ ಕೊಡ್ತೀರಿ?”

“ಭಾಬಿ, ಇದು ಎರಡನೇ ಸಂಬಂಧಾರಿ. ಹುಡುಗಿ ಸ್ವಲ್ಪ ಕೆಮ್ಮತಾಳ, ಬಾಕಿ ಎಲ್ಲಾ ಛೊಲೊ ಅದಾಳ” ಎಂದರು ಚಾಚಾ, ಗಾಡಿಯ ಕೆಳಗಿನಿಂದಲೇ.

ಒಂದು ಭಾಗ ಸಿಕ್ಕರೆ ಇನ್ನೊಂದು ಉದುರುತ್ತಿತ್ತು. ನಾನು ಕಲಬುರಗಿಯಿಂದ ಬಂದಾಗಲೆಲ್ಲ ನಗುತ್ತಿದ್ದೆ. ಇದು ಆಳಂದದ ಅಗಸಿ ಬಾಗಿಲು ದಾಟಿದರೆ ನಾನು ಮೀಸೆ ಬೋಳಿಸುತ್ತೇನೆ ಎಂದೂ ಹೇಳಿದ್ದುಂಟು. ಕಾಕಾ ತಲೆ ಎತ್ತದೆ ಪರದೆ ಹೊಲಿಯುತ್ತಿದ್ದರು. ನೀಲಿ ಹೂವಿನ ಪರದೆ, ಕೆಳಗೆ ಜಾಲರಿ. ಅಂಥ ಜಾಲರಿ ಅವರ ಸ್ವಂತ ಮನೆಯ ಪರದೆಗಳಿಗೂ ಇರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುವ ದಿನಗಳಲ್ಲಿ ಇಜೇರಿಯಿಂದ ಫೋನು ಬಂತು. ಗಂಗವ್ವ ಊಟ ಬಿಟ್ಟಿದ್ದಾರೆ, ಬರುವುದಾದರೆ ಈಗಲೇ ಬನ್ನಿ ಎಂದು. ಮರುದಿನ ಬೆಳಿಗ್ಗೆಯೇ ಹೊರಟೆವು. ಚಾಚಾ ಓಡಿಸುವವರು, ಪಕ್ಕದಲ್ಲಿ ಕಾಕಾ, ಹಿಂದೆ ಮಂಚದ ಮೇಲೆ ಕಾಕು, ಕೆಳಗೆ ನೀರಿನ ಕೊಡಗಳ ನಡುವೆ ನಾನು. ಅಕ್ಕನಿಗೆಂದು ಕಾಕು ಒಂದು ನೈಲಾನ್ ಸೀರೆ ತಂದಿದ್ದರು. ಮಲಗಿದವರಿಗೆ ಹಗುರ, ತೊಳೆಯಲೂ ಸುಲಭ. ಅದನ್ನು ದಾರಿಯುದ್ದಕ್ಕೂ ಎಡಗೈಯಿಂದ ಎದೆಗೆ ಅವುಚಿಕೊಂಡಿದ್ದರು. ಗಾಡಿ ಅಗಸಿ ದಾಟಿದಾಗ ಕಾಕಾ ತಿರುಗಿ ನನ್ನ ಮೀಸೆ ನೋಡಿದರು.

ಕಲಬುರಗಿ ಮುಟ್ಟುವ ಮೊದಲೇ ಫ್ಯಾನ್ ಬೆಲ್ಟು ಹರಿಯಿತು. ಚಾಚಾ ಇನ್ನೊಂದು ಹಳೆಯ ಬೆಲ್ಟು ಇಟ್ಟಿದ್ದರು, ಹಾಕಿದರು. ಭೀಮಾ ನದಿಯ ಸೇತುವೆ ದಾಟಿದೆವು. ಕಾಕು ತಲೆ ಎತ್ತಿಸಿಕೊಂಡು ಆ ಬಸ್ಸಿನ ಕಿಟಕಿಯಿಂದ ನೀರು ನೋಡಿದರು. ಜೇವರ್ಗಿಯೂ ಹಿಂದಾಯಿತು. ಇಜೇರಿಯ ದಾರಿಯಲ್ಲಿ, ಎರಡೂ ಕಡೆ ಕಪ್ಪು ಎರೆಹೊಲ ಬಿಟ್ಟರೆ ಏನೂ ಇಲ್ಲದ ಕಡೆ, ಎರಡನೆಯ ಬೆಲ್ಟೂ ತುಂಡಾಯಿತು.

ಬೆಲ್ಟು ಇಲ್ಲದಿದ್ದರೆ ನೀರು ತಿರುಗುವುದಿಲ್ಲ, ಇಂಜಿನ್ ಸುಟ್ಟುಹೋಗುತ್ತದೆ. ಮಟಮಟ ಮಧ್ಯಾಹ್ನ. ತಗಡಿನ ಗಾಡಿ ಒಲೆಯಾಗುತ್ತಿತ್ತು. ಚಾಚಾ, “ಯಾರದರ ಬೈಕ್ ಸಿಕ್ರ ಜೇವರ್ಗಿಗಿ ಹೋಗಿ ಬರ್ತೇನ್ರಿ ಭಾಬಿ” ಎಂದರು.

“ನೀವು ಹೋಗಿ, ಹುಡುಕಿ, ಬರೂದ್ರಾಗ ಸಂಜಿ ಆಗ್ತದ. ಆಕಿ ಕಣ್ಣಾಗ ಜೀವಾ ಹಿಡಕೊಂಡು ಕುಂತಾಳ. ಏನ್ ಬೇಕು ನಿಮಗ, ಹಗ್ಗಾ?”

“ಹಗ್ಗ ಜಾರತದ್ರಿ. ನೈಲಾನ್ ಅರಿಬಿ ಇದ್ರ, ಹುರಿ ಮಾಡಿ...” ಎಂದವರು ಕಾಕುವಿನ ಎದೆಯ ಮೇಲಿದ್ದ ಸೀರೆ ಕಂಡು ಮಾತು ನುಂಗಿದರು.

ಕಾಕು ಆ ಸೀರೆಯ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಗಂಡನ ಕಡೆ ಚಾಚಿದರು. “ಹರೀರಿ.”

ಸಾವಿರಾರು ಸೀರೆಗಳ ಅಂಚು ಹೊಲಿದ ಮನುಷ್ಯ ಕಾಕಾ. ಹೊಸ ಸೀರೆಯನ್ನೂ ಅಂಚು ಕೆಡದ ಹಾಗೆ ನೇರವಾಗಿ ಹರಿದರು. ಚಾಚಾ, ಕಾಕಾ ಆಚೆ ಈಚೆ ಹಿಡಿದು ಉದ್ದನೆಯ ತುಂಡನ್ನು ಬಿಗಿಯಾಗಿ ಹೊಸೆದರು. ಇಂಜಿನ್ನಿನ ಮುಂದಿನ ಬೆಲ್ಟಿನ ಗಾಲಿಗಳಿಗೆ ಸುತ್ತಿ ಗಂಟು ಹಾಕಿದರು. ಗಂಟು ಜಾರದ ಹಾಗೆ ಕಾಕಾ ದಪ್ಪ ಸೂಜಿ ತೆಗೆದು ಅದನ್ನು ಹೊಲಿದೇಬಿಟ್ಟರು. ಇಂಜಿನ್ ಶುರುವಾಯಿತು. ಗುಲಾಬಿ ಬಣ್ಣದ ಬೆಲ್ಟು ತಿರುಗಿತು. ಎತ್ತಿನ ಬಂಡಿಯ ವೇಗದಲ್ಲಿ, ನಿಂತು ನಿಂತು, ನೀರು ಕುಡಿಸಿ ಕುಡಿಸಿ, ದನಗಳು ಮನೆಗೆ ಮರಳುವ ಹೊತ್ತಿಗೆ ಇಜೇರಿ ಮುಟ್ಟಿದೆವು.

ಗಂಗವ್ವನ ಮನೆಯ ಮೆಟ್ಟಿಲು ಬಹಳ ಎತ್ತರ. ಕಾಕುವನ್ನು ಹೊತ್ತೊಯ್ಯಲು ಹೊರಟರೆ ಅವರೇ ಬೇಡವೆಂದರು. ಕೊನೆಗೆ ಗಂಗವ್ವನ ಮಕ್ಕಳು ಹಗುರವಾಗಿದ್ದ ತಾಯಿಯನ್ನೇ ಎತ್ತಿ ತಂದು ವ್ಯಾನಿನೊಳಗೆ, ತಂಗಿಯ ಮಗ್ಗುಲಲ್ಲಿ ಮಲಗಿಸಿದರು. ಒಬ್ಬರಿಗೆಂದು ಅಳತೆ ಮಾಡಿದ ಮಂಚ. ಇಬ್ಬರೂ ಹಿಡಿಸಿದರು.

ಬಹಳ ಹೊತ್ತು ಒಬ್ಬರ ಮುಖ ಒಬ್ಬರು ಸವರಿಕೊಂಡರು. ಆಮೇಲೆ ಗಂಗವ್ವ ಕ್ಷೀಣ ದನಿಯಲ್ಲಿ, “ಬರಿಗೈಲೇ ಬಂದಿಯೇನs ತಂಗಿ?” ಎಂದರು.

“ಸೀರಿ ತಂದಿದ್ದೆ ಯಕ್ಕಾ. ದಾರ್ಯಾಗ ಇಂಜಿನ್ನಿಗಿ ಉಡಿಸಿಬಿಟ್ಟೆ.”

ಗಂಗವ್ವ ಸ್ವಲ್ಪ ಯೋಚಿಸಿದರು. “ಛೊಲೊ ಒಪ್ಪಿತೇನ ಅದಕ?”

ಇಬ್ಬರೂ ನಕ್ಕ ನಗೆಗೆ ವ್ಯಾನು ಅಲುಗಾಡಿತು. ಕಾಕಾ ಮೆಲ್ಲಗೆ ನೀಲಿ ಪರದೆ ಎಳೆದರು. ಹೊರಗೆ ಚಾಚಾ ಮುಖ ಆ ಕಡೆ ತಿರುಗಿಸಿ ಕೈಯ ಎಣ್ಣೆ ಒರೆಸುತ್ತ ನಿಂತುಬಿಟ್ಟರು. ರಾತ್ರಿ ಗಂಗವ್ವ ತಂಗಿಯ ಕೈಯಿಂದ ಅಂಬಲಿ ಕುಡಿದರು. ಮುಂದಿನ ಸುಗ್ಗಿಯವರೆಗೂ ಇದ್ದರು. ಅಷ್ಟರಲ್ಲಿ ನಮ್ಮ ಗಾಡಿ ಇಜೇರಿಗೆ ಹಲವು ಸಲ ಹೋಗಿ ಬಂತು. ಪ್ರತಿ ಸಲವೂ ಏನಾದರೊಂದು ಕೆಟ್ಟಿತು, ಪ್ರತಿ ಸಲವೂ ಮುಟ್ಟಿತು.

ಮೊನ್ನೆ ಆ ಟೋಸ್ಟಿನ ಘಮ ಹಿಡಿದು, ಚಹಾ ಕುಡಿದು ಮನೆಗೆ ಹೋಗಬೇಕಾದವನು ಆಳಂದದ ಬಸ್ಸು ಹತ್ತಿದೆ. ಹೋಗಿ ಎಷ್ಟೋ ತಿಂಗಳಾಗಿತ್ತು. ಅಂಗಳದಲ್ಲಿ ಗಾಡಿ ಸಿದ್ಧವಾಗುತ್ತಿತ್ತು. ಗೊಬ್ಬೂರಿನಲ್ಲಿ ಕಾಕುವಿನ ಬಾಲ್ಯದ ಗೆಳತಿ ಇದ್ದಾರಂತೆ, ನೋಡಬೇಕಂತೆ. ಬ್ಯಾಟರಿ ಮಾತ್ರ ಪೂರ್ತಿ ಸತ್ತಿದೆ, ದೂಡಿದರೇ ಶುರು.

“ನಾನೂ ಬರ್ತೇನಿ ಕಾಕು” ಎಂದೆ. ನನಗೇ ಆಶ್ಚರ್ಯವಾಯಿತು. ಹಿಂದೆಲ್ಲ ಅವರು ಕರೆದು ನಾನು ಹೋಗುತ್ತಿದ್ದೆ. ಕೇಳಿದ್ದು ಇದೇ ಮೊದಲು.

“ಬಾ. ಆದ್ರ ದೂಡಾಕ ಬರಬೇಕು ಮತ್ತ, ಬರೇ ಕುಂದ್ರಾಕಲ್ಲ.”

ಮರುದಿನ ಬೆಳಿಗ್ಗೆ ವ್ಯಾನಿನ ಬೆನ್ನಿಗೆ ಹೆಗಲು ಕೊಟ್ಟೆ. ಇಳಿಜಾರಿನಲ್ಲಿ ಅದು ಒಮ್ಮೆ ಕೆಮ್ಮಿ, ಗುಡುಗಿ, ಹೊರಟೇಬಿಟ್ಟಿತು. ನಿಲ್ಲಿಸಿದರೆ ಮತ್ತೆ ಆರಿಹೋಗುತ್ತದೆಂದು ಚಾಚಾ ನಿಲ್ಲಿಸಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಊರ ಮಂದಿಯ ಎದುರು, ಈ ವಯಸ್ಸಿನಲ್ಲಿ ಓಡಿದೆ. ತೆರೆದ ಬಾಗಿಲಿನಿಂದ ಒಂದು ಎಡಗೈ ಹೊರಗೆ ಬಂತು. ಹಿಡಿದು ಹತ್ತಿದೆ. ಆ ಕೈಯಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.