ಮೂರು ಸಲ ತೊಳೆದ ಗಾಜು

ಹೊಸೂರು ರಸ್ತೆಯ ಮೇಲ್ಸೇತುವೆಗೆ ಕಂಬಗಳು ಏಳುತ್ತಿದ್ದ ಕಾಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಊರೆಲ್ಲ ಕಂಪ್ಯೂಟರ್ ಮುಂದೆ ಕೂತಿದ್ದರೆ ನಾನು ಸಣ್ಣದೊಂದು ಪ್ರಯೋಗಾಲಯದಲ್ಲಿ ಕಿಣ್ವವೊಂದರ ಬೆನ್ನು ಹತ್ತಿದ್ದೆ. ಅದರ ಜೊತೆ ಫ್ಲೇವಿನ್ ಬೆರೆಸುತ್ತಿದ್ದೆವು. ಬಿ2 ಜೀವಸತ್ವದಿಂದ ಆಗುವ ವಸ್ತು, ಬಣ್ಣ ಹಳದಿ.

ನಮ್ಮ ಗಾಜಿನ ಪಾತ್ರೆ ತೊಳೆಯುತ್ತಿದ್ದವರು ಕಟ್ಟಡದ ಹಿಂದಿನ ಹಳ್ಳಿಯ ಒಬ್ಬ ಹೆಂಗಸು, ಐವತ್ತರ ಆಸುಪಾಸು. ನಾನು ಅಕ್ಕ ಅನ್ನುತ್ತಿದ್ದೆ.

“ಈ ಅಳದಿ ನೀರು ಏನ್ ಮಾಡ್ತದೆ ಮೇಡಂ?” ಎಂದು ಒಮ್ಮೆ ಕೇಳಿದರು.

ಹೇಳಿದೆ. ಫ್ಲೇವಿನ್ ಗಾಳಿಯ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ಉಪ್ಪಿನಲ್ಲಿರುವ ಕ್ಲೋರೈಡ್ ಸೇರಿದರೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿರುವಂಥದೇ ಆಮ್ಲ ಹುಟ್ಟುತ್ತದೆ. ಬಿಟ್ಟರೆ ಸಿಕ್ಕಿದ್ದನ್ನೆಲ್ಲ ಕೆಡಿಸುವ ಜಾತಿ. ಕಿಣ್ವ ಅದನ್ನು ಬಿಡುವುದಿಲ್ಲ. ತನ್ನೊಳಗಿನ ಸುರಂಗದಲ್ಲೇ ಸಾಗಿಸಿ, ಆ ತುದಿಯಲ್ಲಿ ಹಿಡಿದಿಟ್ಟ ಅಣುವಿನ ಒಂದೇ ಒಂದು ಜಾಗಕ್ಕೆ ಕ್ಲೋರಿನ್ ಕೂರಿಸುತ್ತದೆ.

“ಅಂಗಾದ್ರೆ ನನಗಿಂತ ಜಾಣ. ನಾನು ಬ್ಲೀಚಿಂಗ್ ಮುಟ್ಟಿದ್ರೆ ಸೀರೆಗೆಲ್ಲ ಮಚ್ಚೆ,” ಎಂದು ನಕ್ಕರು.

ನಮಗೆ ಬೇಕಾಗಿದ್ದದ್ದು ಕ್ಲೋರಿನ್ ಅಲ್ಲ, ಬ್ರೋಮಿನ್. ಬ್ರೋಮೈಡ್ ಉಪ್ಪು ಕೊಟ್ಟರೆ ಕಿಣ್ವ ಅದನ್ನೂ ಕೂರಿಸುತ್ತದೆ, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ಚೂರು ಕ್ಲೋರೈಡ್ ಸಿಕ್ಕರೂ ಅದಕ್ಕೇ ಬಾಯಿ ಹಾಕುತ್ತದೆ. ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಇರುತ್ತದೆಂದು ಅಕ್ಕ ಪ್ರತಿ ಪಾತ್ರೆಯನ್ನೂ ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ತೊಳೆಯುತ್ತಿದ್ದರು. ಆದರೂ ಮೂರು ವಾರ ಬಂದದ್ದು ಬರೀ ಕ್ಲೋರಿನ್.

“ಗಾಜು ಸರಿಯಾಗಿ ತೊಳೀತಿಲ್ಲ ಕಣ್ರೀ,” ಎಂದು ನಮ್ಮ ಮುಖ್ಯಸ್ಥರು ತೀರ್ಮಾನಿಸಿಬಿಟ್ಟರು.

“ಮೂರು ಸತಿ ತೊಳೀತೀನಿ ಸಾರ್, ನಿಮ್ಮಾಣೆ,” ಎಂದರು ಅಕ್ಕ. ನನ್ನ ಕಡೆ ನೋಡಿದರು. ಅವರು ತೊಳೆಯುವುದನ್ನು ದಿನವೂ ಕಂಡವಳು ನಾನೇ. ಮಾತಾಡಲಿಲ್ಲ. ಸೋಮವಾರ ಏಜೆನ್ಸಿಯವರು ಅಕ್ಕನ ಬದಲು ಬೇರೆಯವರನ್ನು ಕಳಿಸಿದರು.

ಅದೇ ಸೋಮವಾರ, ಕಿಣ್ವ ಬೆರೆಸುವ ಬಫರ್ ದ್ರಾವಣವನ್ನು ಹೊಸದಾಗಿ ಮಾಡುತ್ತಿದ್ದೆ. ಅದರ ಕ್ಷಾರ ಇಳಿಸಲು ಎರಡು ಹನಿ ಆಮ್ಲ ಬೇಕು. ಕಾಲೇಜಿನಿಂದ ಬಂದ ರೂಢಿ, ಕೈ ತಾನಾಗಿ ಶೀಶೆಯೊಂದರ ಕಡೆ ಹೋಯಿತು. ಹೈಡ್ರೋಕ್ಲೋರಿಕ್ ಆಮ್ಲ. ಮೂರು ವಾರವೂ ನಾನೇ ನನ್ನ ಕೈಯಾರೆ ಕ್ಲೋರೈಡ್ ಸುರಿದಿದ್ದೆ!

ಆ ದಿನ ಕ್ಲೋರೈಡ್ ಇಲ್ಲದ ಸಲ್ಫ್ಯೂರಿಕ್ ಆಮ್ಲ ಹಾಕಿದೆ. ಬ್ರೋಮಿನ್ ಚೆನ್ನಾಗಿ ಕೂತಿತು.

“ನೋಡಿದ್ರಾ? ತೊಳೆಯೋರು ಬದಲಾದ್ರು, ಸರಿಹೋಯ್ತು,” ಎಂದು ಮುಖ್ಯಸ್ಥರು ಎಲ್ಲರಿಗೂ ಸಿಹಿ ತರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು. ಎತ್ತು ಸಿಹಿ ತಿನ್ನುತ್ತ ನಿಂತಿತ್ತು. ನನ್ನ ಕೆಲಸ ಕಾಯಂ ಆಗುವ ತಿಂಗಳು ಅದು. ನೋಟ್‌ಬುಕ್ಕಿನಲ್ಲಿ ‘ಆಮ್ಲ ಬದಲಿಸಿದೆ’ ಎಂದಷ್ಟೇ ಬರೆದೆ. ಯಾಕೆ ಎಂದು ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಹೇಡಿತನಕ್ಕೆ ಎಷ್ಟು ಕಡಿಮೆ ಅಕ್ಷರ ಸಾಕು ನೋಡಿ.

ಆರು ತಿಂಗಳ ಮೇಲೆ ಬಸ್ ಸ್ಟಾಪಿನಲ್ಲಿ ಅಕ್ಕ ಸಿಕ್ಕರು. ಯಾವುದೋ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಿದ್ದರಂತೆ. ನಾನು ತಲೆ ತಗ್ಗಿಸುವ ಮೊದಲೇ ಅವರೇ ಹತ್ತಿರ ಬಂದರು.

“ಈಗ ಸರಿಯಾಗಿ ಬರ್ತೈತಾ ಮೇಡಂ, ಅದು?”

“ಹ್ಞೂಂ ಅಕ್ಕ, ಬರ್ತಿದೆ.”

ಅವರ ಮುಖ ಸ್ವಲ್ಪ ಬಾಡಿತು. ಅಂಗೈ ತಿರುಗಿಸಿ ನೋಡಿಕೊಂಡರು.

“ಅಂಗಾದ್ರೆ ನಂದೇ ತಪ್ಪು. ನಾಕು ಸತಿ ತೊಳೀಬೇಕಿತ್ತು.”

ನನ್ನ ಬಸ್ ಬಂತು. ನಾನು ಹತ್ತಿದೆ.