ಒಂದೇ ಕುರಿಯ ಕಚ್ಚು

ರೇಡಿಯೋದಲ್ಲಿ ಮಾತಾಡುವವರು ತಮ್ಮೊಳಗೆ ಒಬ್ಬ ಸತ್ತರೆ ಸತ್ತ ಅನ್ನುವುದಿಲ್ಲ. ಅವನ ಕೀ, ಅಂದರೆ ಟಕಟಕ ಒತ್ತಿ ಸುದ್ದಿ ಕಳಿಸುವ ಗುಂಡಿ, ಮೌನವಾಯಿತು ಅನ್ನುತ್ತಾರೆ. ಇಂಥ ಸೋಗು ನನಗೆ ಸೇರುವುದಿಲ್ಲ. ನನ್ನ ಗಂಡ ಸತ್ತರು. ಮಿರಜದ ಆಸ್ಪತ್ರೆಯಲ್ಲಿ ಮೂರು ದಿನ ನರಳಿ ಸತ್ತರು. ಸಾಂಗ್ಲಿವಾಡಿಯ ಮನೆಯಲ್ಲಿ ಅವರ ರೇಡಿಯೋ ಪೆಟ್ಟಿಗೆ ಉಳಿಯಿತು. ಅದರೊಳಗೆ ಜಿರಲೆ ಸಂಸಾರ ಹೂಡಿತು.

ಪಂಪಿನ ಮೋಟರು ಸುಟ್ಟರೆ ಹೊಸ ತಂತಿ ಸುತ್ತಿ ಕೊಡುವುದು ಅವರ ಕೆಲಸ. ಅದು ಹೊಟ್ಟೆಗೆ. ಪೆಟ್ಟಿಗೆ ಹುಚ್ಚಿಗೆ. ಹ್ಯಾಮ್ ರೇಡಿಯೋ ಅನ್ನುತ್ತಾರೆ. ಪರೀಕ್ಷೆ ಕೊಟ್ಟು ಸರಕಾರದ ಲೈಸೆನ್ಸ್ ತಂದಿದ್ದರು. ಮಾತಿಗೆ ಮೊದಲು ತಮ್ಮ ಗುರುತು ಹೇಳುತ್ತಿದ್ದರು: ವೀ, ಯೂ, ಎರಡು, ಆಮೇಲೆ ಮೂರು ಅಕ್ಷರ. ಆ ಮೂರನ್ನು ಇಲ್ಲಿ ಬರೆಯುವುದಿಲ್ಲ. ಅವು ಅವರವು. ನಾನು ಶಾಲೆಗೆ ಹೋದದ್ದು ಎರಡು ವರ್ಷ. ಇಂಗ್ಲಿಷಿನಲ್ಲಿ ನನಗೆ ಬರುವುದು ಅವರ ಗುರುತಿನ ಐದು ಅಕ್ಷರ ಮಾತ್ರ.

ನಾನು ಕುರಿ ಕಾಯುವವರ ಮಗಳು. ಗುರುತು ಅಂದರೆ ನನಗೆ ಕಿವಿ. ತವರಿನಲ್ಲಿ ಮರಿ ಸ್ವಲ್ಪ ಬಲಿತ ಕೂಡಲೇ ಕಿವಿ ಕೊಯ್ಯುತ್ತಿದ್ದರು. ಬಲಗಿವಿಯ ತುದಿ ಸೀಳಿದ್ದರೆ ನಮ್ಮ ಊರಿನ ಕುರಿ. ಎಡಗಿವಿಯ ಕೆಳ ಅಂಚಿಗೆ ಕಚ್ಚು ಇದ್ದರೆ ನಮ್ಮ ಮನೆಯದು. ಎರಡು ಹಿಂಡು ಕಲೆತರೂ ಕಿವಿ ಮುಟ್ಟಿ ಬೇರೆ ಮಾಡುತ್ತಿದ್ದೆವು. ಅಪ್ಪ ಸತ್ತ ಮೇಲೆ ಆ ಕಚ್ಚು ಅಣ್ಣನಿಗೆ ಬಂತು. ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ, ಕುರಿಯ ಜೊತೆ ಕಚ್ಚೂ ಬರುತ್ತದೆ.

ಅದಕ್ಕೇ ನಾನು ತಪ್ಪಿದೆ. ಗಂಡ ಸತ್ತ ವರ್ಷದ ಮಳೆಗಾಲದಲ್ಲಿ ಕೃಷ್ಣೆ ನಮ್ಮ ಹೊಸ್ತಿಲಿಗೆ ಬಂತು. ಕರೆಂಟಿಲ್ಲ, ಮೊಬೈಲಿಲ್ಲ, ಸೇತುವೆ ಬಂದ್. ಮಗನಿಗೆ ನಾನೇ ಹೇಳಿದೆ: "ಪೆಟಗಿ ಹಚ್ಚು. ಅಪ್ಪನ ಗುರುತು ಹೇಳು. ಈಗ ಅದು ನಿಂದು."

ಟ್ರ್ಯಾಕ್ಟರಿನ ಬ್ಯಾಟರಿಗೆ ತಂತಿ ಸಿಕ್ಕಿಸಿ ಅವನು ಕರೆದ. ಬೆಳಗಾವಿಯಲ್ಲಿ ಯಾರಿಗೋ ಕೇಳಿಸಿತು. ಅವರು ಮೇಲಿನವರಿಗೆ ತಿಳಿಸಿದರು, ದೋಣಿ ಬಂತು. ಅಲ್ಲಿಯವರೆಗೆ ನನಗೆ ಪಶ್ಚಾತ್ತಾಪವಿಲ್ಲ.

ನೀರು ಇಳಿಯಿತು. ಸತ್ತ ಹೆಗ್ಗಣಗಳ ಜೊತೆ ಕೆಸರು ಬಾಚಿ ಹೊರಗೆ ಹಾಕಿದೆವು. ಮಗ ಮಾತ್ರ ಇಳಿಯಲಿಲ್ಲ. ದಿನಾ ಸಂಜೆ ಪೆಟ್ಟಿಗೆಯ ಮುಂದೆ ಕುಳಿತು ಅಪ್ಪನ ಗುರುತು ಹೇಳುವುದು, ಅಪ್ಪನ ಹಾಗೆ ಗಂಟಲು ಕೆರೆಯುವುದು, ಗೊತ್ತಿಲ್ಲದವರನ್ನು ಹವೆ ಹೇಗಿದೆ ಎಂದು ಕೇಳುವುದು. ದೋಣಿ ತರಿಸಿದವನೆಂದು ಗಣಪತಿ ಮಂಡಳದವರು ಶಾಲು ಹೊದಿಸಿದರು. ಅದನ್ನು ಪೆಟ್ಟಿಗೆಗೆ ಹೊದಿಸಿದ. ಅಪ್ಪನ ಹಾಗೆ ಒಂದು ಮೋಟರು ಸುತ್ತಲು ಬರುವುದಿಲ್ಲ, ಕೆಮ್ಮಲು ಬರುತ್ತದೆ.

ದೀಪಾವಳಿ ಹತ್ತಿರ ಬಂದಾಗ ಒಬ್ಬ ಮುದುಕರು ಬಸ್ಸಿಳಿದು ಮನೆಗೆ ಬಂದರು. ಬೆಳಗಾವಿಯಲ್ಲಿ ನಮ್ಮ ಕರೆ ಕೇಳಿದವರು ಅವರೇ. ನನ್ನ ಗಂಡನ ಜೊತೆ ಇಪ್ಪತ್ತು ವರ್ಷ ರೇಡಿಯೋದಲ್ಲಿ ಮಾತಾಡಿದವರು, ಮಣ್ಣಿಗೂ ಬಂದಿದ್ದವರು. ಚಹಾ ಕೊಟ್ಟೆ. ಮುಟ್ಟಲಿಲ್ಲ.

"ವೈನಿ, ಹೊಳಿ ಬಂದಾಗ ಕರದದ್ದು ತಪ್ಪಲ್ರಿ," ಅಂದರು. "ಜೀವಕ್ಕ ಬಂದಾಗ ಯಾರರ ಕರೀಲಿ. ಅದಾಗಿ ಮೂರು ತಿಂಗಳಾತು. ನಾ ದಿನಾ ಸಂಜೀಕ ಪೆಟಗಿ ಹಚ್ಚತೀನಿ, ನಾ ಹೆಗಲ ಕೊಟ್ಟು ಮಣ್ಣಿಗೆ ಒಯ್ದಾಂವ ಮಾತಾಡತಾನ."

ಮಗ ಒಳಗಿನಿಂದ ಬಂದ. "ಕಾಕಾ, ಅಪ್ಪಂದು ಮಗಗ ಬರದ ಮತ್ಯಾರಿಗೆ ಹೋಗಬೇಕು?"

"ಇದು ಹೊಲ ಅಲ್ಲಪಾ, ಉತಾರದಾಗ ಹೆಸರ ಏರಸಾಕ. ಅಂವನ ಜೋಡಿ ಹೋತು."

ಬಾಗಿಲಲ್ಲಿ ಮೊಮ್ಮಗಳು ನಿಂತಿದ್ದಳು, ಈ ಮಗನ ಮಗಳು. ಸಾಂಗ್ಲಿಯಲ್ಲಿ ಡಿಪ್ಲೊಮಾ ಓದುತ್ತಾಳೆ. ಅಜ್ಜನಿಂದ ಹುಚ್ಚು ಹತ್ತಿಸಿಕೊಂಡು ಅಂಥದ್ದೇ ಪರೀಕ್ಷೆ ಪಾಸು ಮಾಡಿದ್ದಳು. ಲೈಸೆನ್ಸಿಗೆ ಅರ್ಜಿ ಕಳಿಸುವುದೊಂದು ಬಾಕಿ. ಮುದುಕರು ಅವಳನ್ನು ನೋಡಿ, ಈ ಮನೆಯಲ್ಲಿ ಹೀಗೆ ನಡೆದಿದೆ ಎಂದು ಯಾರಾದರೂ ಲೈಸೆನ್ಸ್ ಕೊಡುವ ದಿಲ್ಲಿಗೆ ಬರೆದರೆ ಇವಳ ಅರ್ಜಿ ಅಲ್ಲೇ ಕೊಳೆಯುತ್ತದೆ ಅಂದರು.

ಅವಳೇ ನನಗೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳಿದಳು. ವೀ, ಯೂ ಅಂದರೆ ಈ ದೇಶ. ಎರಡು ಅಂದರೆ ನಮ್ಮ ಜಿಲ್ಲೆ ಅಂದುಕೊಂಡಿದ್ದೆ. ಅಲ್ಲ, ಅದು ಪರೀಕ್ಷೆ. ದೊಡ್ಡದು ಪಾಸಾದವರಿಗೆ ಎರಡು, ಚಿಕ್ಕದಕ್ಕೆ ಮೂರು. ಅವಳಿಗೆ ಮೂರು ಬರುತ್ತದೆ. ಕೊನೆಯ ಮೂರು ಅಕ್ಷರ ಸೇರಿದರೆ ಪೂರಾ ಗುರುತು. ಅದು ಒಬ್ಬ ಮನುಷ್ಯನಿಗೆ, ಮನೆಗಲ್ಲ. ನಾನು ಹಿಂಡಿನ ಕಚ್ಚು ಅಂದುಕೊಂಡದ್ದು ಒಂದೇ ಕುರಿಯ ಕಚ್ಚು.

ತವರಿನ ಕಡೆ ಕಳ್ಳರು ಕದ್ದ ಕುರಿಯ ಕಿವಿಯನ್ನು ಬುಡದವರೆಗೆ ಕೊಯ್ದು ಗುರುತು ಅಳಿಸುತ್ತಿದ್ದರು. ಅಂಥವರ ಮನೆಯಲ್ಲಿ ನಾವು ನೀರು ಕುಡಿಯುತ್ತಿರಲಿಲ್ಲ. ಮುದುಕರ ಚಹಾ ನೋಡಿದೆ. ಕೆನೆಗಟ್ಟಿ ಹಾಗೇ ಇತ್ತು, ಒಂದು ನೊಣ ಬಿದ್ದಿತ್ತು. ಮಗನ ಮೇಲೆ ಹೇಸಿಗೆ, ಅವನಿಗೆ ಕಲಿಸಿದ ನನ್ನ ಮೇಲೆ ಇನ್ನೂ ಹೇಸಿಗೆ.

ಗೋಡೆಗೆ ಕಟ್ಟುಹಾಕಿಸಿ ತೂಗುಹಾಕಿದ್ದ ಗಂಡನ ಲೈಸೆನ್ಸ್ ಇಳಿಸಿದೆ. ಹಿಂದೆ ಹಲ್ಲಿಯ ಮೊಟ್ಟೆಗಳಿದ್ದವು. ಒರೆಸಿ ಮುದುಕರ ಕೈಗೆ ಕೊಟ್ಟು, ಎಲ್ಲಿಂದ ಬಂತೋ ಅಲ್ಲಿಗೆ ಕಳಿಸಿ ಅಂದೆ. ಮಾತಾಡುವ ಮೈಕನ್ನು ಕಿತ್ತು ಟ್ರಂಕಿಗೆ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಗ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಐದು ರೊಟ್ಟಿ ತಿಂದ.

ತಿಂದವನು ಸುಮ್ಮನಿರಬೇಕಲ್ಲ. ಅರ್ಜಿಯಲ್ಲಿ ಬೇಕಾದ ಅಕ್ಷರ ಕೇಳಿಕೊಳ್ಳಬಹುದಂತೆ. ಅಜ್ಜನ ಮೂರು ಅಕ್ಷರವನ್ನೇ ಕೇಳು ಎಂದು ಮಗಳ ಬೆನ್ನು ಹತ್ತಿದ. ನಡುವಿನ ಎರಡರ ಜಾಗದಲ್ಲಿ ಮೂರು ಬರುವಾಗ ಕಳ್ಳತನ ಎಲ್ಲಿಯದು ಎಂದು ವಾದ. ಹುಡುಗಿ ಒಲೆಯ ಹತ್ತಿರ ಬಂದು ನಿಂತಳು.

"ಆಜೋಬಾಂಚಂ ನಕೋ, ಆಜಿ. ಅಜ್ಜಂದು ಬ್ಯಾಡ, ನನಗ ನಂದು ಬೇಕು."

"ಹಂಗಾರ ನಿಂದು ತಗೋ. ಅಪ್ಪಗ ನಾ ಹೇಳತೀನಿ."

ಹೇಳಿದೆ. ಏನು ಹೇಳಿದೆ ಎಂದು ಬರೆಯುವಂತಿಲ್ಲ.

ಕೆಲವು ತಿಂಗಳ ಮೇಲೆ ಲೈಸೆನ್ಸ್ ಬಂತು. ವೀ, ಯೂ, ಮೂರು, ಮತ್ತೆ ಹಿಂದಿಲ್ಲ ಮುಂದಿಲ್ಲದ ಮೂರು ಅಕ್ಷರ. ಇರಲಿ. ಕಚ್ಚಿಗೆ ಚಂದ ಯಾರು ನೋಡುತ್ತಾರೆ. ಮುದುಕರೇ ಬಂದು ಪೆಟ್ಟಿಗೆ ಅವಳ ಹೆಸರಿಗೆ ಮಾಡುವ ಕಾಗದ ತುಂಬಿಸಿದರು. ಆಗಲೂ ಚಹಾ ಕುಡಿಯದೆ, ಹೊರಗೇ ನಿಂತು ಹೋದರು.

ಟ್ರಂಕು ತೆಗೆದು ಮೈಕು ಕೊಟ್ಟೆ. ಅವಳು ತನ್ನ ಗುರುತು ಹೇಳಿದಳು. ಗಂಟಲು ಕೆರೆಯಲಿಲ್ಲ. ಎರಡು ಸಲ ಬರೀ ಗೊರಗೊರ. ಮೂರನೆಯ ಸಲ ಮುದುಕರು ಅವಳ ಗುರುತನ್ನು ಒಂದಕ್ಷರ ಬಿಡದೆ ತಿರುಗಿ ಹೇಳಿ, ಹವೆ ಹೇಗಿದೆ ಅಂದರು. ಈ ಜನರಿಗೆ ಬೇರೆ ಮಾತು ಬರುವುದಿಲ್ಲ. ಆಮೇಲೆ ಅಂದರು:

"ಬರೋ ಐತವಾರ ಬರತೀನವ್ವ. ನಿಮ್ಮಜ್ಜಿಗೆ ಚಹಾ ಇಡಾಕ ಹೇಳು."

ಸಕ್ಕರೆ ತರಲು ಮಗನನ್ನೇ ಅಂಗಡಿಗೆ ಕಳಿಸಿದೆ.